ನೆಲನೆಲ್ಲಿಯ ಹಾಳೆ

ಬಿ.ಎಸ್ಸಿ. ಮುಗಿಸಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತೇನೆಂದು ಹೇಳಿದಾಗ ನಮ್ಮ ಸೋದರತ್ತೆ ಮೊರದಲ್ಲಿ ಅಕ್ಕಿ ಆರಿಸುವುದನ್ನು ನಿಲ್ಲಿಸಿ, "ಅಷ್ಟು ದೂರ ಹೋಗಿ ಗಿಡ ಓದ್ತೀಯೇನೇ? ಗಿಡ ಹಿತ್ತಲಲ್ಲೇ ಇದೆಯಲ್ಲ" ಎಂದರು. ಮನೆಯವರೆಲ್ಲ ನಕ್ಕರು. ಅಪ್ಪನೂ ನಕ್ಕರು, ಆದರೆ ಅವರ ನಗೆಯಲ್ಲಿ ಸ್ವಲ್ಪ ಅನುಮಾನವೂ ಇತ್ತು. ಮೆಡಿಕಲ್ ಸೀಟು ಸಿಗದ ಹುಡುಗಿಯರು ಬಾಟನಿಗೆ ಸೇರುತ್ತಾರೆ ಎಂಬ ಮಾತು ಆಗ ಇತ್ತು; ನನ್ನ ಮಟ್ಟಿಗೆ ಅದು ನಿಜವೂ ಆಗಿತ್ತು. ಅಮ್ಮ ಮಾತ್ರ ಏನೂ ಹೇಳಲಿಲ್ಲ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ಅವಳು. ನನ್ನ ಟ್ರಂಕಿನ ಒಂದು ಮೂಲೆಯಲ್ಲಿ ಚಟ್ನಿಪುಡಿಯ ಡಬ್ಬ ಇಟ್ಟು, ಅದು ಅಲುಗಾಡದಂತೆ ಸುತ್ತ ಹಳೆಯ ಸೀರೆಯ ಚೂರು ತುರುಕಿದಳು, ಅಷ್ಟೆ.

ಹೀಗೆ ನಾನು 1983ರಲ್ಲಿ ಮಾನಸಗಂಗೋತ್ರಿಗೆ ಬಂದೆ. ಆ ಹೆಸರಿಟ್ಟವರು ಕುವೆಂಪು ಎಂದು ಮೊದಲ ದಿನವೇ ಯಾರೋ ಹೇಳಿದರು. ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಗೆಳತಿಯರೊಡನೆ ನಡೆಯುವುದು, ರಾತ್ರಿ ಹಾಸ್ಟೆಲಿನಲ್ಲಿ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದಿ ನಗುವುದು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಬಾಟನಿ ಓದಿದವರೂ ಹೀಗೆ ಬರೆಯಬಹುದು ಎಂದು ನಮಗೆಲ್ಲ ಒಂದು ಒಣ ಹೆಮ್ಮೆ.

ಹಗಲಿನ ಕೆಲಸ ಮಾತ್ರ ಅಷ್ಟು ರಮ್ಯವಾಗಿರಲಿಲ್ಲ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಾಂಡದ ತುಂಡು ಹಿಡಿದು, ಒದ್ದೆ ಮಾಡಿದ ಬ್ಲೇಡಿನಿಂದ ಅಡ್ಡಕ್ಕೆ ಕೊಯ್ಯಬೇಕು. ಎಲೆಯಾದರೆ ಕ್ಯಾರೆಟ್ಟಿನ ಸೀಳಿನಲ್ಲಿ ಸಿಕ್ಕಿಸಿಕೊಂಡು ಕೊಯ್ಯಬೇಕು. ನೂರು ಬಿಲ್ಲೆ ಕೊಯ್ದರೆ ನೀರಿನಲ್ಲಿ ತೇಲುವಷ್ಟು ತೆಳ್ಳಗಿನದು ನಾಲ್ಕು ಸಿಕ್ಕರೆ ಪುಣ್ಯ. ಅದಕ್ಕೆ ಸಫ್ರಾನಿನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀರು ಸಾಗಿಸುವ ಕೊಳವೆಗಳು ಕೆಂಪಗೆ ಎದ್ದು ಕಾಣುತ್ತಿದ್ದವು. ನಮ್ಮ ಬೆರಳುಗಳೂ ವಾರವಿಡೀ ಕೆಂಪು. ಊರಿಗೆ ಹೋದಾಗ ಗೋರಂಟಿ ಹಚ್ಚಿದ್ದೀಯಾ, ಯಾರ ಮದುವೆ ಎಂದು ಕೇಳಿದವರುಂಟು. ಸೊಪ್ಪು ಹೆಚ್ಚಿ ಅಭ್ಯಾಸವಿದ್ದ ಹುಡುಗಿಯರೇ ಈ ಕೆಲಸದಲ್ಲಿ ಮುಂದಿದ್ದೆವು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಆದರೆ ನಾನು ಹೇಳಹೊರಟಿದ್ದು ಹರ್ಬೇರಿಯಮ್ಮಿನ ವಿಷಯ. ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ ಇಡುವ ಸಂಗ್ರಹ ಅದು. ನಾವು ಒಬ್ಬೊಬ್ಬರೂ ಐವತ್ತು ಹಾಳೆ ಮಾಡಬೇಕಿತ್ತು. ಗಿಡವನ್ನು ಬೇರುಸಮೇತ ಕೀಳಬೇಕು. ಹೂವೋ ಕಾಯಿಯೋ ಇರಲೇಬೇಕು. ವೃತ್ತಪತ್ರಿಕೆಯ ಮಡಿಕೆಯಲ್ಲಿ ಹರಡಿ, ಒಂದೆರಡು ಎಲೆಯನ್ನಾದರೂ ಬೆನ್ನು ಕಾಣುವಂತೆ ಮಗುಚಿ, ಮೇಲೆ ಭಾರ ಹೇರಬೇಕು. ದಿನವೂ ಪತ್ರಿಕೆ ಬದಲಿಸಬೇಕು, ಇಲ್ಲದಿದ್ದರೆ ಬೂಷ್ಟು. ಒಣಗಿದ ಮೇಲೆ ಹುಳ ಹಿಡಿಯದಂತೆ ವಿಷದ ದ್ರಾವಣದಲ್ಲಿ ಅದ್ದಿ, ಅಂಟಿಸಿ, ದಪ್ಪ ಕಾಂಡವಿದ್ದರೆ ಬಿಳಿ ದಾರದಿಂದ ಹೊಲಿಯಬೇಕು. ಕೊನೆಗೆ ಬಲಗಡೆ ಕೆಳಮೂಲೆಯಲ್ಲಿ ಚೀಟಿ: ಗಿಡದ ಲ್ಯಾಟಿನ್ ಹೆಸರು, ಕುಟುಂಬ, ಊರು, ತಾರೀಖು, ಸಂಗ್ರಹಿಸಿದವರ ಹೆಸರು, ಅವರ ಕ್ರಮಸಂಖ್ಯೆ. ಚೀಟಿಯಿಲ್ಲದ ಗಿಡ ಬರೀ ಹುಲ್ಲು ಎನ್ನುತ್ತಿದ್ದರು ನಮ್ಮ ಮೇಷ್ಟ್ರು.

1984ರ ಜುಲೈ ಹೊತ್ತಿಗೆ ನನ್ನದು ಮೂವತ್ತೆಂಟು ಹಾಳೆ ಆಗಿತ್ತು. ಆಗ ಕಾಮಾಲೆ ಬಂತು. ಹಾಸನ ಜಿಲ್ಲೆಯ ನಮ್ಮ ಹಳ್ಳಿಗೆ ಹಳದಿ ಕಣ್ಣು ಹೊತ್ತುಕೊಂಡು ಬಂದು ಮಲಗಿದೆ. ಡಾಕ್ಟರು ಒಂದು ತಿಂಗಳು ಏಳಬಾರದು ಎಂದರು. ಅಮ್ಮ ದಿನವೂ ಬೆಳಿಗ್ಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ಕೊಟ್ಟಳು. ಗುಣವಾದದ್ದು ಅದರಿಂದಲೋ ವಿಶ್ರಾಂತಿಯಿಂದಲೋ ನನಗೆ ಗೊತ್ತಿಲ್ಲ. ಮುಂದೆ 1988ರಲ್ಲಿ ಮದರಾಸಿನ ಸಂಶೋಧಕರು ಈ ಗಿಡ ಒಂದು ಬಗೆಯ ಕಾಮಾಲೆಯ ವೈರಸ್ಸಿನ ಮೇಲೆ ಕೆಲಸ ಮಾಡುತ್ತದೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದು ಸುದ್ದಿಯಾಯಿತು. ಆಮೇಲಿನ ಹಲವು ಪರೀಕ್ಷೆಗಳಲ್ಲಿ ಆ ಫಲ ಕಾಣಲಿಲ್ಲ. ಅಮ್ಮನಿಗೆ ಎರಡೂ ಸುದ್ದಿ ಹೇಳಿದೆ. ಮೊದಲನೆಯದನ್ನು ನಂಬಿದಳು.

ಮಲಗಿದಲ್ಲಿಂದಲೇ ಹನ್ನೆರಡು ಹಾಳೆ ಬಾಕಿ ಇದೆಯೆಂದು ನಾನು ಅಳುತ್ತಿದ್ದೆ. ಹೊರಗೆ ಮಳೆ, ಒಳಗೆ ಜ್ವರ. ಒಂದು ದಿನ ಅಮ್ಮ, "ಅದೇನು ಬೇಕೋ ಹೇಳು, ನಾನು ತರ್ತೀನಿ" ಎಂದಳು. ನಾನು ಹೇಳಿದ್ದು ಒಂದೇ ಸಲ: ಬೇರು ಇರಬೇಕು, ಹೂವು ಇರಬೇಕು. ಉಳಿದದ್ದನ್ನೆಲ್ಲ ಅವಳೇ ಮಾಡಿದಳು. ಹಿತ್ತಲು, ಗದ್ದೆಬದು, ಕೆರೆಯ ಏರಿ ಸುತ್ತಿ ತಂದಳು. ಉತ್ತರಾಣಿ, ತುಂಬೆ, ಮುಟ್ಟಿದರೆ ಮುನಿ, ಒಂದೆಲಗ. ಪ್ರಜಾವಾಣಿಯ ಮಡಿಕೆಯಲ್ಲಿಟ್ಟು ಮೇಲೆ ಬೀಸುವ ಕಲ್ಲು ಏರಿಸಿದಳು. ಮಳೆಗೆ ಪತ್ರಿಕೆ ತೇವ ಹಿಡಿದರೆ ಒಲೆಯ ಹತ್ತಿರ ಹಿಡಿದು ಒಣಗಿಸಿ ಮತ್ತೆ ಬಳಸಿದಳು.

ನೆಲನೆಲ್ಲಿಯನ್ನು ಮಾತ್ರ ಎರಡು ಮಡಿಕೆ ಮಾಡಿದ್ದಳು.

"ಎರಡು ಯಾಕಮ್ಮ? ಒಂದೇ ಗಿಡ."

"ಒಂದೇ ಅಲ್ಲ ಕಣೇ. ಇದು ಬಿಳಿ ಕಡ್ಡಿ, ಔಷಧಿಗೆ ಇದೇ. ಇದು ಕೆಂಪು ಕಡ್ಡಿ, ಅದರ ಸವತಿ. ಕಾಯಿ ಮುಟ್ಟಿ ನೋಡು, ತರಿತರಿ ಇದೆ. ಬಿಳಿಯದು ಗೊಬ್ಬರದ ಗುಂಡಿ ಪಕ್ಕ ಬರ್ತದೆ, ಸವತಿ ಗದ್ದೆಬದುವಿನಲ್ಲಿ. ಸಂಜೆ ಕೀಳಬಾರದು. ಎಲೆ ಮುದುರಿಕೊಂಡು ಮಲಗಿರ್ತದೆ."

ಹುಷಾರಾಗಿ ಮೈಸೂರಿಗೆ ಮರಳಿ, ಗ್ರಂಥಾಲಯದಲ್ಲಿ ಸಲ್ಡಾನಾ ಮತ್ತು ನಿಕಲ್ಸನ್ ಅವರ 'ಹಾಸನ ಜಿಲ್ಲೆಯ ಸಸ್ಯಸಂಪತ್ತು' ಎಂಬ 1976ರ ಇಂಗ್ಲಿಷ್ ಹೊತ್ತಗೆ ತೆರೆದು ಕೂತೆ. ನಮ್ಮದೇ ಜಿಲ್ಲೆಯ ಗಿಡಗಳಿಗೆಂದೇ ಇಷ್ಟು ದಪ್ಪದ ಪುಸ್ತಕ! ಅಮ್ಮ ಹೇಳಿದ್ದು ಸರಿ. ಎರಡೂ ಫಿಲಾಂತಸ್, ಆದರೆ ಬೇರೆ ಬೇರೆ ಜಾತಿ. ಕೆಂಪು ಕಡ್ಡಿಯದು ಫಿಲಾಂತಸ್ ಯೂರಿನೇರಿಯ. ಅದರ ಕಾಯಿ ತರಿತರಿ, ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ. ಬಿಳಿಯದರ ಕಾಯಿ ನುಣುಪು, ಸಣ್ಣ ತೊಟ್ಟಿನಲ್ಲಿ ತೂಗುತ್ತದೆ. ಹಳೆಯ ನೋಟ್ಸಿನ ರೂಢಿಯಂತೆ ಬಿಳಿಯದಕ್ಕೆ ಫಿಲಾಂತಸ್ ನಿರೂರಿ ಎಂದು ಬರೆದೆ. ಐವತ್ತೂ ಚೀಟಿಯಲ್ಲಿ 'ಸಂಗ್ರಹಿಸಿದವರು' ಎಂಬಲ್ಲಿ ನನ್ನ ಹೆಸರು ಬರೆದೆ. ಮೂವತ್ತೊಂಬತ್ತರಿಂದ ಐವತ್ತರವರೆಗೂ ಕೈ ತಡೆಯಲಿಲ್ಲ. ಇನ್ನೊಬ್ಬರು ಕಿತ್ತ ಗಿಡ ಎಂದು ಗೊತ್ತಾದರೆ ಅಂಕ ಹೋಗುತ್ತದೆ ಎಂಬ ಭಯವಿತ್ತು. ಅದಕ್ಕಿಂತ, ಅಮ್ಮನ ಹೆಸರು ಲ್ಯಾಟಿನ್ ಹೆಸರಿನ ಕೆಳಗೆ ಬರಬಹುದು ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ. ನಿಜ ಹೇಳಬೇಕಾದರೆ ಈ ಎರಡನೆಯದೇ ಹೆಚ್ಚು ಕಾಡುತ್ತದೆ.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಅದೇ ಎರಡು ಹಾಳೆ ಎತ್ತಿಕೊಂಡರು. "ಎಲೆ ಇಷ್ಟು ಚೆನ್ನಾಗಿ ಬಿಚ್ಚಿಕೊಂಡಿದೆ, ಹೇಗೆ?" "ಬೆಳಿಗ್ಗೆ ಕಿತ್ತಿದ್ದು ಸರ್, ಸಂಜೆ ಮುದುರುತ್ತೆ." "ಎರಡೂ ಒಂದೇ ಕಡೆ ಸಿಕ್ಕಿದವೇ?" "ಇಲ್ಲ ಸರ್, ಇದು ಗೊಬ್ಬರದ ಗುಂಡಿ ಪಕ್ಕ, ಇದು ಗದ್ದೆಬದುವಿನಲ್ಲಿ." ಅವರು ನಮ್ಮ ಮೇಷ್ಟ್ರ ಕಡೆ ನೋಡಿ, "ಈ ಹುಡುಗಿಗೆ ಕಣ್ಣಿದೆ" ಎಂದರು. ಒಳ್ಳೆಯ ಅಂಕ ಬಂತು. ಆ ಎರಡು ಹಾಳೆಯನ್ನು ವಿಭಾಗದ ಕಪಾಟಿಗೆ ಇಟ್ಟುಕೊಂಡರು.

1985ರಲ್ಲಿ ಅಪ್ಪ ಅಮ್ಮ ನನ್ನ ಸಾಮಾನು ಒಯ್ಯಲು ಬಂದಾಗ ಅಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಹಾಳೆಯನ್ನು ಮುಟ್ಟದೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಗ್ಗಿ ನೋಡಿದಳು. ದೇವರ ಕೋಣೆಯಲ್ಲಿ ಹಾಗೆ ನೋಡುತ್ತಿದ್ದಳು.

"ನಮ್ಮ ಗೊಬ್ಬರಗುಂಡಿದು! ಇದೇನು ಬರೆದಿದೆ, ಓದು."

ಹೆಸರು ಓದಿದೆ. ಕುಟುಂಬ ಓದಿದೆ. ನಮ್ಮ ಊರಿನ ಹೆಸರು ಓದಿದೆ. ತಾರೀಖು ಓದಿದೆ. ಮುಂದಿನ ಸಾಲು ಬಿಟ್ಟು, "ಅಷ್ಟೇ ಅಮ್ಮ" ಎಂದೆ.

"ನಮ್ಮೂರ ಹೆಸರು ಹಾಕಿದಾರಲ್ಲ, ಸಾಕು ಬಿಡು" ಎಂದಳು. ಊರಿಗೆ ಹೋಗಿ ಸೋದರತ್ತೆಗೂ ಅದನ್ನೇ ಹೇಳಿದಳು.

ಆಮೇಲೆ ಮದುವೆ, ಮಕ್ಕಳು, ಒಂದು ಸಣ್ಣ ಪಟ್ಟಣದ ಕಾಲೇಜಿನಲ್ಲಿ ಪಾಠ. ಇಪ್ಪತ್ತು ವರ್ಷ ಆ ಚೀಟಿಯ ನೆನಪು ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದಾಗಲೆಲ್ಲ ಬೇರೆ ಕೆಲಸ ನೋಡಿಕೊಂಡೆ. 'ಹೋರ್ತುಸ್ ಮಲಬಾರಿಕುಸ್' ಎಂಬ ಗ್ರಂಥದ ಇಂಗ್ಲಿಷ್ ಅನುವಾದವನ್ನು ಕೇರಳ ವಿಶ್ವವಿದ್ಯಾಲಯ 2003ರಿಂದ ಹೊರತಂದಿತು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವ್ಯಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ ಬರೆಸಿದ ಗ್ರಂಥ ಅದು. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಗಿಡಗಳ ಗುಣ ಹೇಳಿಕೊಟ್ಟವರಲ್ಲಿ ಮುಖ್ಯನಾದವನು ಇಟ್ಟಿ ಅಚ್ಯುತನ್ ಎಂಬ ನಾಟಿವೈದ್ಯ. ಮೊದಲ ಸಂಪುಟದಲ್ಲಿ ಅವನ ಹೇಳಿಕೆಯನ್ನು ಅವನದೇ ಹೆಸರಿನಲ್ಲಿ, ಅವನದೇ ಭಾಷೆಯಲ್ಲಿ, ಅವನು ಬರೆಯುತ್ತಿದ್ದ ಲಿಪಿಯಲ್ಲೇ ಅಚ್ಚು ಹಾಕಿದ್ದಾರೆ. ಗ್ರಂಥಾಲಯದಲ್ಲಿ ಆ ಪುಟ ನೋಡಿದಾಗ ನನಗೆ ಮುಖ ಬಿಸಿಯಾಯಿತು. ಪರದೇಶದ ಅಧಿಕಾರಿಗೆ ಮುನ್ನೂರು ವರ್ಷದ ಹಿಂದೆ ಹೊಳೆದದ್ದು ಮಗಳಿಗೆ ಹೊಳೆಯಲಿಲ್ಲವಲ್ಲ.

ಆಗಲೂ ಅಮ್ಮನಿಗೆ ಹೇಳಲಿಲ್ಲ. 2009ರಲ್ಲಿ ಅಮ್ಮ ಹೋದಳು.

2016ರಲ್ಲಿ, ವಿಶ್ವವಿದ್ಯಾಲಯಕ್ಕೆ ನೂರು ತುಂಬಿದ ವರ್ಷ, ಮೈಸೂರಿಗೆ ಹೋಗಿದ್ದವಳು ವಿಭಾಗಕ್ಕೂ ಹೋದೆ. ಕಪಾಟು ನೋಡಿಕೊಳ್ಳುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ಹುಡುಕಿ ತಂದಳು. ಎಲೆ ಕಂದಾಗಿತ್ತು, ಕಾಯಿ ಇನ್ನೂ ತೊಟ್ಟಿನಲ್ಲಿತ್ತು. ನನ್ನ ಚೀಟಿಯ ಮೇಲುಗಡೆ ಇನ್ನೊಂದು ಸಣ್ಣ ಚೀಟಿ ಅಂಟಿಸಿದ್ದರು: ಫಿಲಾಂತಸ್ ಅಮಾರಸ್. "ನಿರೂರಿ ಅನ್ನೋದು ಅಮೆರಿಕ ಕಡೆಯ ಗಿಡ ಮೇಡಂ. ನಮ್ಮ ಹಿತ್ತಲಿನದನ್ನು ಬಹಳ ಕಾಲ ತಪ್ಪಾಗಿ ಹಾಗೆ ಕರೀತಿದ್ರು" ಎಂದಳು, ನನಗೆ ಬೇಸರವಾಗದಂತೆ.

"ಹಳೆಯ ಚೀಟಿ ಕೀಳಲಿಲ್ಲವೇನಮ್ಮ?"

"ಕೀಳೋ ಹಾಗಿಲ್ಲ. ತಪ್ಪಿದ್ದರೂ ಅದು ಹಾಗೇ ಇರಬೇಕು. ಸರಿಯಾದ್ದನ್ನ ಪಕ್ಕದಲ್ಲಿ ಅಂಟಿಸ್ತೀವಿ."

ಈ ನಿಯಮ ನಾನೂ ಓದಿದ್ದೆ, ಪಾಠವನ್ನೂ ಮಾಡಿದ್ದೆ. "ಇನ್ನೂ ಒಂದು ತಪ್ಪಿದೆ" ಎಂದು ಹೇಳಿ, ಏನೆಂದು ತಿಳಿಸಿದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಒಳಗೆ ಹೋಗಿ ವಿಭಾಗದವರನ್ನು ಕೇಳಿ ಬಂದು, ಎರಡು ಖಾಲಿ ಚೀಟಿ, ಮಾಸದ ಮಸಿಯ ಪೆನ್ನು ಕೊಟ್ಟಳು.

"ನಿಮ್ಮ ತಾಯಿಯವರ ಇನಿಷಿಯಲ್ ಮೇಡಂ?"

ಅಮ್ಮನಿಗೆ ಇನಿಷಿಯಲ್ ಇರಲಿಲ್ಲ. ಓಟರ್ ಪಟ್ಟಿಯಲ್ಲಿ ಅಪ್ಪನ ಹೆಸರಿನ ಆಸರೆಯಲ್ಲಿದ್ದಳು, ರೇಷನ್ ಕಾರ್ಡಿನಲ್ಲೂ ಹಾಗೆಯೇ. ಬರೀ ಅವಳ ಹೆಸರು ಬರೆದೆ. ಮೂರಕ್ಷರ.

"ಕ್ರಮಸಂಖ್ಯೆ?" ಎಂದಳು ಹುಡುಗಿ. ನಾನು ನನ್ನ ಚೀಟಿಯ ಮೇಲಿನ 47 ನೋಡಿದೆ. "ಅದು ನಿಮ್ಮದು ಮೇಡಂ. ಸಂಗ್ರಹಿಸಿದವರು ಬೇರೆಯಾದರೆ ಅವರ ಲೆಕ್ಕ ಬೇರೆ. ಮೊದಲಿನಿಂದ ಶುರುವಾಗುತ್ತೆ."

ಬಿಳಿ ಕಡ್ಡಿಗೆ 1 ಎಂದು ಬರೆದೆ, ಸವತಿಗೆ 2. ಹುಡುಗಿ ಅಂಟು ಸವರಿ, ಚೀಟಿಯನ್ನು ಅಂಗೈಯಿಂದ ಒತ್ತಿ, ಒಣಗಲೆಂದು ಮೇಲೆ ಒಂದು ದಪ್ಪ ಪುಸ್ತಕ ಇಟ್ಟಳು.