ನಮ್ಮ ಕಾಚಿಗುಡದ ಅಂಗಳ

ಹೈದರಾಬಾದಿನಲ್ಲಿ ಅಂಗಳವಿರುವ ಮನೆಗಳು ಇನ್ನೂ ಉಂಟೆಂದರೆ ಹೊಸದಾಗಿ ಬಂದವರು ನಂಬಲಾರರು. ಕಾಚಿಗುಡದ ಒಂದು ಗಲ್ಲಿಯಲ್ಲಿ, ಕರ್ನಾಟಕ ಸಾಹಿತ್ಯ ಮಂದಿರಕ್ಕೆ ನಡೆದು ಹೋಗುವಷ್ಟು ದೂರದಲ್ಲಿ, ನಮ್ಮದೊಂದು ಉಂಟು. ಹದಿನೆಂಟು ಅಡಿ ಉದ್ದ, ಹನ್ನೆರಡು ಅಡಿ ಅಗಲ. ನಡುವೆ ತುಲಸಿಕಟ್ಟೆ, ಮೂಲೆಯಲ್ಲಿ ಪಾರಿಜಾತ. ಇಷ್ಟು ಜಾಗದ ಮೇಲೆ ಒಂದು ಲೇಖನವೇ ಎಂದು ಓದುಗರು ನಗಬಹುದು. ಆದರೆ ಈ ಅಂಗಳದಲ್ಲಿ ನಮ್ಮ ತಾಯಿಯವರು ಜಾರಿಬಿದ್ದು ಕೈ ಮುರಿದುಕೊಂಡರು. ಅದರಿಂದ ನಾವು ಕಲಿತ ಪಾಠ ಕೆನಡಾದಲ್ಲಿರುವ ತಂಗಿಯ ಮನೆಗೂ ಹೊಂದಿತು. ಆದ್ದರಿಂದ ಬರೆಯುತ್ತಿದ್ದೇವೆ.

ಮೊದಲು ಅಂಗಳಕ್ಕೆ ಹಾಸಿದ್ದುದು ಶಹಾಬಾದಿ ಕಲ್ಲು. ಆ ಬೂದುಬಣ್ಣದ ಚಪ್ಪಡಿಗೆ ಈ ಊರಿನಲ್ಲಿ ಎಲ್ಲರೂ ಹೇಳುವ ಹೆಸರೇ ಅದು. ಶಹಾಬಾದು ಕಲಬುರಗಿ ಜಿಲ್ಲೆಯ ಊರೆಂಬುದು ಎಷ್ಟೋ ಮಂದಿಗೆ ತಿಳಿಯದು. 1956ರ ನವೆಂಬರ್ 1ರವರೆಗೆ ಆ ಜಿಲ್ಲೆ ಹೈದರಾಬಾದು ರಾಜ್ಯಕ್ಕೇ ಸೇರಿತ್ತು. ನಾವು ಊರಿಗೆ ಹೋಗುವಾಗ ರೈಲು ವಿಕಾರಾಬಾದು, ತಾಂಡೂರು ದಾಟಿ ಸೇಡಂ ಸಮೀಪಿಸುತ್ತಲೇ ನೆಲ ಬಗೆದ ಗಣಿಗಳೂ ಸಿಮೆಂಟು ಕಾರ್ಖಾನೆಗಳ ಹೊಗೆಗೊಳವೆಗಳೂ ಕಾಣತೊಡಗುತ್ತವೆ. ಬಳಿಕ ಬರುವುದು ಮಳಖೇಡ ರೋಡ್ ನಿಲ್ದಾಣ. ಕಾಗಿಣಾ ನದಿಯ ದಡದ ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕಾಚಿಗುಡದ ನಮ್ಮ ಕನ್ನಡ ಶಾಲೆ ಹೆಸರು ಹೊತ್ತಿರುವ ನೃಪತುಂಗನ ರಾಜಧಾನಿ. ಆ ಸೀಮೆಯ ಸುಣ್ಣಕಲ್ಲು ಚಪ್ಪಡಿಯಾಗಿಯೂ ಹೊರಡುತ್ತದೆ, ಜೇಡಿಯೊಡನೆ ಸುಟ್ಟು ಅರೆಸಿಕೊಂಡು ಸಿಮೆಂಟಾಗಿಯೂ ಹೊರಡುತ್ತದೆ. ಹೀಗಾಗಿ ಕಲ್ಲು ಕಿತ್ತು ಕಾಂಕ್ರೀಟು ಹಾಕಿಸಿದಾಗ ತವರಿನ ಒಂದು ವಸ್ತು ಹೋಗಿ ಇನ್ನೊಂದು ಬಂತೆಂದು ಸಮಾಧಾನಪಟ್ಟೆವು.

ಕಿತ್ತುದಕ್ಕೆ ಕಾರಣವೇನೂ ದೊಡ್ಡದಲ್ಲ. ನಾಲ್ಕಾರು ಚಪ್ಪಡಿಗಳು ಅಲುಗುತ್ತಿದ್ದುವು. ಸ್ಕೂಟರು ಒಳಗೆ ತರಲು ತೊಡಕು. ರಜೆ ಸಿಕ್ಕಿದ್ದು ಮೇ ತಿಂಗಳಲ್ಲಿ. ಬಿಸಿಲು ನಲವತ್ತು ಡಿಗ್ರಿ ದಾಟಿತ್ತು. ನಾಲ್ಕು ಅಂಗುಲ ದಪ್ಪದ ಕಾಂಕ್ರೀಟನ್ನು ಒಂದೇ ಹಾಸಾಗಿ ಹರಡಿಸಿ, ಕನ್ನಡಿಯಂತೆ ನುಣುಪಾಗಲೆಂದು ನಾವೇ ಒತ್ತಾಯ ಮಾಡಿ ತೀಡಿಸಿದೆವು. ಮೂರು ದಿನ ನೀರು ಹಾಕಿದೆವು. ನಾಲ್ಕನೆಯ ದಿನ ರಜೆ ಮುಗಿಯಿತು, ಕಚೇರಿಗೆ ಹೊರಟೆವು.

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಎಂದು ನಾವು ತಿಳಿದಿದ್ದೆವು. ಅದು ತಪ್ಪು. ಸಿಮೆಂಟು ನೀರಿನೊಡನೆ ಕೂಡಿಕೊಂಡು ಗಟ್ಟಿಯಾಗತಕ್ಕ ವಸ್ತು. ಬೇಗ ಒಣಗಿದರೆ ಮೇಲ್ಮೈ ಬಲಹೀನವಾಗಿ ಪುಡಿಪುಡಿಯಾಗುತ್ತದೆ. ಸಾಮಾನ್ಯವಾಗಿ ಏಳು ದಿನವಾದರೂ, ಬಿಸಿಲೂ ಒಣಹವೆಯೂ ಇದ್ದಲ್ಲಿ ಹತ್ತು ದಿನಕ್ಕೆ ಕಡಮೆಯಿಲ್ಲದೆ ತೇವವಾಗಿ ಇಡಬೇಕೆಂದು ನಮ್ಮ ದೇಶದ ಮಾನಕವೇ ಹೇಳುತ್ತದೆ. ನಡುವೆ ಸಂದು ಬಿಡದ ಹದಿನೆಂಟು ಅಡಿಯ ಹಾಸು ತಾನಾಗಿಯೇ ಸಂದು ಮಾಡಿಕೊಂಡಿತು; ಅಡ್ಡಲಾಗಿ ಎರಡು ಬಿರುಕು ಬಿಟ್ಟವು. ಇಳಿಜಾರೂ ಸರಿಯಿರಲಿಲ್ಲ. ಮಳೆಯ ನೀರು ಮೋರಿಯ ಕಡೆಗೆ ಹೋಗದೆ ತುಲಸಿಕಟ್ಟೆಯ ಬುಡದಲ್ಲಿ ನಿಲ್ಲತೊಡಗಿತು. ಶ್ರಾವಣದ ಹೊತ್ತಿಗೆ ಅಲ್ಲಿ ಪಾಚಿ ಕಟ್ಟಿತು. ಒಂದು ಶುಕ್ರವಾರ ಬೆಳಿಗ್ಗೆ ತಾಯಿಯವರು ಚೊಂಬು ಹಿಡಿದು ಹೋದವರು ಜಾರಿಬಿದ್ದರು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪಟ್ಟಿ. ಅವರು ನಮ್ಮನ್ನು ಬೈಯಲಿಲ್ಲ. “ಕಲ್ಲಿದ್ದಾಗ ನೀರು ತಾನೇ ಇಳಿದು ಹೋಗುತ್ತಿತ್ತಲ್ಲಪ್ಪ” ಎಂದರು, ಅಷ್ಟೆ. ಬೈದಿದ್ದರೇ ವಾಸಿಯಾಗುತ್ತಿತ್ತು.

ಸುದ್ದಿ ತಿಳಿದು ಟೊರಾಂಟೊದಿಂದ ತಂಗಿ ಫೋನು ಮಾಡಿದಳು. ತಾಯಿಯ ಕೈ ವಿಚಾರಿಸಿದ ಮೇಲೆ ತನ್ನ ಮನೆಯ ಮೆಟ್ಟಿಲ ಕಥೆ ತೆಗೆದಳು. ಅಲ್ಲಿ ಕಾಂಕ್ರೀಟಿನ ಮೇಲ್ಪದರವೇ ಹಪ್ಪಳದಂತೆ ಏಳುತ್ತಿತ್ತು. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ತುಂಬಿದ ನೀರು ರಾತ್ರಿ ಹೆಪ್ಪಾಗಿ ಹಗಲು ಕರಗಿ, ಚಳಿಗಾಲದಲ್ಲಿ ಮತ್ತೆ ಮತ್ತೆ ಹೀಗೆಯೇ ನಡೆದು, ಒಳಗಿನಿಂದಲೇ ಸೀಳುತ್ತದೆ. ಹಿಮ ಕರಗಲೆಂದು ಉಪ್ಪು ಚೆಲ್ಲಿದರೆ ಹಾನಿ ಇನ್ನೂ ಹೆಚ್ಚು. ಅದಕ್ಕೇ ಅಂಥ ಸೀಮೆಗಳಲ್ಲಿ ಹೊರಗಿನ ಕಾಂಕ್ರೀಟಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳನ್ನು ಬೇಕೆಂದೇ ಸೇರಿಸುತ್ತಾರೆ. ಹಿಗ್ಗುವ ಹೆಪ್ಪಿಗೆ ಅಲ್ಲಿ ಎಡೆ ಸಿಗುತ್ತದೆ. ಇನ್ನುಳಿದುದು ಮನೆಯವರ ಕೆಲಸ: ಸೆಪ್ಟೆಂಬರಿನ ಒಣದಿನಗಳಲ್ಲಿ ಬಿರುಕು ತುಂಬುವುದು, ನೀರು ಹೀರದಂತೆ ತಡೆದು ಒಳಗಿನ ಆವಿಯನ್ನು ಮಾತ್ರ ಹೊರಬಿಡುವ ಲೇಪ ಹಚ್ಚುವುದು, ಹಿಮವನ್ನು ಬಿದ್ದೊಡನೆ ಸಲಿಕೆಯಿಂದ ತೆಗೆಯುವುದು, ಕಾಲು ಜಾರದಂತೆ ಉಪ್ಪಿನ ಬದಲು ಮರಳು ಚೆಲ್ಲುವುದು. ಹೊಸ ಕಾಂಕ್ರೀಟಿಗಂತೂ ಮೊದಲ ಚಳಿಗಾಲ ಉಪ್ಪು ಸೋಕಿಸಲೇಬಾರದು.

ನಮ್ಮಲ್ಲಿ ಡಿಸೆಂಬರಿನ ಚಳಿಗೆ ಶಾಲು ಹೊದ್ದರೆ ಸಾಕು. ನೀರು ಹೆಪ್ಪುಗಟ್ಟುವ ಮಾತೇ ಇಲ್ಲ. ಆದರೂ ಅಣ್ಣತಂಗಿಯರಿಬ್ಬರ ಮನೆ ಕೆಡಿಸಿದ್ದು ಒಂದೇ: ಹೋಗಲು ದಾರಿಯಿಲ್ಲದೆ ನಿಂತ ನೀರು.

ಆ ಡಿಸೆಂಬರಿನಲ್ಲಿಯೇ ಹಾಸನ್ನು ಒಡೆಸಿ ಹೊಸದಾಗಿ ಹಾಕಿಸಿದೆವು. ಅಡಿಗೆ ಕಾಲು ಅಂಗುಲದಂತೆ ಮೋರಿಯ ಕಡೆಗೆ ಇಳಿಜಾರು. ಹನ್ನೆರಡು ಅಡಿಗೆ ಮೂರು ಅಂಗುಲವಾಯಿತು. ಒಂಬತ್ತು ಅಡಿಗೆ ಒಂದರಂತೆ ಅಂಗುಲದಾಳದ ಸಂದು; ಬಿರುಕು ಬಿಡುವುದಾದರೆ ಆ ಗೆರೆಯಲ್ಲೇ ಬಿಡಲಿ ಎಂದು. ಮೇಲ್ಮೈ ಹಸಿಯಿರುವಾಗಲೇ ಪೊರಕೆ ಎಳೆಸಿ ತರಿಮಾಡಿದೆವು. ಗೋಣಿತಟ್ಟು ಹೊದಿಸಿ ಹತ್ತು ದಿನ ತೋಯಿಸಿದೆವು. ಹಗಲು ಆ ಕೆಲಸ ನೋಡಿಕೊಂಡವರು ತಾಯಿಯವರೇ, ಎಡಗೈಯಲ್ಲಿ. ಪಾರಿಜಾತದ ಸುತ್ತ ಎರಡಡಿ ಮಾತ್ರ ಮುಚ್ಚಿಸಲಿಲ್ಲ. ಹಿತ್ತಿಲಲ್ಲಿ ಒರಗಿಸಿಟ್ಟಿದ್ದ ಶಹಾಬಾದಿ ಕಲ್ಲುಗಳನ್ನೇ ಅಲ್ಲಿ ಮರಳಿನ ಮೇಲೆ ಹಾಸಿದೆವು.

ಈಗ ಪ್ರತಿ ವರ್ಷ ಮಿರಗದ ಮಳೆಗೆ ಮುಂಚೆ ಒಂದು ಭಾನುವಾರ ಅಂಗಳಕ್ಕೆ ಮೀಸಲು. ಬಿರುಕಿನ ಧೂಳು ಕೆದಕಿ, ಬಗ್ಗುವಂಥ ಮೇಣ ತುಂಬುತ್ತೇವೆ. ಬರಿಯ ಸಿಮೆಂಟು ತುಂಬಿದರೆ ಬಿಸಿಲಿಗೆ ಹಾಸು ಹಿಗ್ಗಿ ಕುಗ್ಗಿದಾಗ ಬಿಟ್ಟುಹೋಗುತ್ತದೆ. ಮಳೆಗಾಲದಲ್ಲಿ ಪಾಚಿಯ ಸುಳಿವು ಕಂಡರೆ ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಬ್ಲೀಚಿಂಗ್ ಪುಡಿಯ ತಿಳಿನೀರು ಹಾಕಿ ತೊಳೆಯುತ್ತೇವೆ. ಆಸಿಡ್ ಮಾತ್ರ ಕೂಡದು. ಅದು ಕೊಳೆಯ ಜೊತೆಗೆ ಸಿಮೆಂಟನ್ನೂ ತಿನ್ನುತ್ತದೆ.

ನೀರಿನ ವಿಷಯದಲ್ಲಿ ಈ ಊರಿಗೆ ಹಳೆಯ ಪೆಟ್ಟುಗಳುಂಟು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಪ್ರವಾಹವನ್ನು ಊರಿನ ಮೇಲ್ಗಡೆಯೇ ತಡೆದು ನಿಲ್ಲಿಸಿ ಮೆಲ್ಲಗೆ ಬಿಡಬೇಕೆಂದು ಅವರು ಸಲಹೆಯಿತ್ತರು. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಆದವು. ಆದರೂ 2020ರ ಅಕ್ಟೋಬರಿನ ಒಂದು ರಾತ್ರಿಯ ಮಳೆಗೆ ಎಷ್ಟೋ ಬಡಾವಣೆಗಳು ಮುಳುಗಿದವು. ಎಲ್ಲರೂ ಗೋಡೆಯಿಂದ ಗೋಡೆಗೆ ಕಾಂಕ್ರೀಟು ಮಾಡಿ ನೀರನ್ನು ಬೀದಿಗೆ ತಳ್ಳಿದರೆ, ಬೀದಿ ಅದನ್ನು ಎಲ್ಲಿಗೆ ತಳ್ಳೀತು? ನಮ್ಮ ಎರಡಡಿ ಮಣ್ಣಿನಿಂದ ಊರು ಉಳಿಯದು, ನಿಜ. ಆದರೂ ಅಲ್ಲಿ ಇಳಿದಷ್ಟು ನೀರು ಗಲ್ಲಿಗೆ ಹೋಗುವುದಿಲ್ಲವಲ್ಲ.

ಕಳೆದ ತಿಂಗಳು ತಂಗಿ ಚಿತ್ರ ಕಳಿಸಿದಳು: ಮೆಟ್ಟಿಲ ಬಿರುಕು ತುಂಬಿ ಲೇಪ ಹಚ್ಚಿ ಆಗಿದೆ, ಬಾಗಿಲ ಬಳಿ ಒಂದು ಬಕೆಟ್ ಮರಳು. ತಾಯಿಯವರಿಗೆ ತೋರಿಸಿದೆವು. “ಅಲ್ಲಿಗೂ ಒಂದೆರಡು ಶಹಾಬಾದಿ ಕಲ್ಲು ಕಳಿಸೋಣವೇ?” ಎಂದು ನಕ್ಕು, ಚೊಂಬು ತೆಗೆದುಕೊಂಡು ತುಲಸಿಗೆ ನೀರೆರೆಯಲು ಹೋದರು. ಈಗ ಯಾರ ಕೈಯನ್ನೂ ಹಿಡಿಯದೆ ಹೋಗಿಬರುತ್ತಾರೆ.