ಲೆಸ್ಟರ್ ನಗರದ ನ್ಯಾಯಪಾಠ

ಇಂಗ್ಲೆಂಡಿನ ನಡುನಾಡಿನಲ್ಲಿ, ಸೋರ್ ಎಂಬ ನದಿಯ ದಡದಲ್ಲಿ, ಲೆಸ್ಟರ್ ನಗರವಿರುವುದು. ೧೪೮೫ರಲ್ಲಿ ರಣದಲ್ಲಿ ಮಡಿದ ಮೂರನೆಯ ರಿಚರ್ಡ್ ದೊರೆಯ ಸಮಾಧಿಯು ಅಲ್ಲಿಯ ಮಹಾದೇವಾಲಯದಲ್ಲುಂಟು. ಆತನ ಅಸ್ಥಿಗಳು ೨೦೧೨ರಲ್ಲಿ ವಾಹನಗಳನ್ನು ನಿಲ್ಲಿಸುವ ಬಯಲಿನ ಅಡಿಯಲ್ಲಿ ದೊರೆತುವು. ಆತನ ಸೋದರಿಯ ಹೆಣ್ಣುಸಂತತಿಯಲ್ಲಿ ಹುಟ್ಟಿಬಂದವರ ಡಿ.ಎನ್.ಎ.ಯೊಡನೆ ಹೋಲಿಸಿ, ಇತರ ಸಾಕ್ಷ್ಯಗಳನ್ನೂ ಕೂಡಿಸಿ, ವಿದ್ವಾಂಸರು ಅವನ್ನು ಗುರುತಿಸಿದರು.

ಬಹುಕಾಲ ಬಾಲಕರಿಗೆ ಪಾಠ ಹೇಳಿದವರಾದ ನಾವು, ದೊರೆಯ ದರ್ಶನವನ್ನು ಮುಗಿಸಿ, ಈ ವಿದ್ಯೆಯ ತವರಾದ ವಿಶ್ವವಿದ್ಯಾನಿಲಯದ ಕಡೆಗೆ ನಡೆದೆವು. ೧೯೮೪ನೆಯ ಸೆಪ್ಟೆಂಬರ್ ೧೦ರ ಸೋಮವಾರ ಬೆಳಿಗ್ಗೆ ಅಲೆಕ್ ಜೆಫ್ರೀಸ್ ಎಂಬ ಪಂಡಿತರು ಇಲ್ಲಿ ಒಂದು ಎಕ್ಸ್-ರೇ ಫಿಲ್ಮನ್ನು ತೊಳೆದು ನೋಡಲು, ಅದರಲ್ಲಿ ಕಪ್ಪು ಪಟ್ಟೆಗಳ ಸಾಲುಗಳು ಮೂಡಿದ್ದುವು. ಒಬ್ಬೊಬ್ಬರ ಸಾಲೂ ಬೇರೆಬೇರೆ. ಆದರೆ ಸಂತಾನದ ಪಟ್ಟೆಗಳಲ್ಲಿ ಕೆಲವು ತಂದೆಯಿಂದ, ಉಳಿದವು ತಾಯಿಯಿಂದ ಬಂದವು. ಏಕಾಂಡದ ಅವಳಿಗಳನ್ನು ಬಿಟ್ಟರೆ ಇಬ್ಬರಲ್ಲಿ ಒಂದೇ ಗುರುತು ದೊರೆಯುವುದು ಅತಿ ದುರ್ಲಭ.

ನಗರದಿಂದ ಕೆಲವೇ ಮೈಲಿಗಳ ದೂರದಲ್ಲಿ ನಾರ್ಬರೋ, ಎಂಡರ್ಬಿ ಎಂಬ ಹಳ್ಳಿಗಳಿರುವುವು. ಅಲ್ಲಿಯ ಕಾಲುದಾರಿಗಳು ಈಗ ಶಾಂತವಾಗಿವೆ. ೧೯೮೩ರಲ್ಲಿ ಒಬ್ಬಳು, ೧೯೮೬ರಲ್ಲಿ ಮತ್ತೊಬ್ಬಳು, ಹದಿನೈದು ವರ್ಷದ ಇಬ್ಬರು ಬಾಲಿಕೆಯರು ಈ ಸೀಮೆಯಲ್ಲಿ ಕೊಲೆಯಾದರು. ಹದಿನೇಳು ವರ್ಷದ ಹುಡುಗನೊಬ್ಬನು ಎರಡನೆಯ ಕೊಲೆಯನ್ನು ತಾನೇ ಮಾಡಿದೆನೆಂದು ಒಪ್ಪಿಕೊಂಡನು. ಜೆಫ್ರೀಸರು ಪರೀಕ್ಷಿಸಲು, ಎರಡು ಕೃತ್ಯಗಳೂ ಒಬ್ಬನವೇ, ಆದರೆ ಆ ಒಬ್ಬನು ಈ ಹುಡುಗನಲ್ಲ ಎಂದು ಸಿದ್ಧವಾಯಿತು; ಹುಡುಗನು ಬಿಡುಗಡೆ ಹೊಂದಿದನು. ಬಳಿಕ ಪೋಲೀಸರು ಸುತ್ತಣ ಹಳ್ಳಿಗಳ ಸುಮಾರು ೫,೦೦೦ ಗಂಡಸರ ಮಾದರಿಗಳನ್ನು ಸಂಗ್ರಹಿಸಿದರು. ನಿಜವಾದ ಅಪರಾಧಿಯು ತನ್ನ ಹೆಸರಿನಲ್ಲಿ ಜೊತೆಗಾರನಿಂದ ರಕ್ತ ಕೊಡಿಸಿ ತಪ್ಪಿಸಿಕೊಂಡಿದ್ದನು. ಆ ಜೊತೆಗಾರನ ಮಾತು ಹೊರಬಿದ್ದು, ೧೯೮೭ರಲ್ಲಿ ಅಪರಾಧಿಯು ಸೆರೆಯಾದನು, ಡಿ.ಎನ್.ಎ. ಸರಿಹೊಂದಿತು, ೧೯೮೮ರಲ್ಲಿ ಯಾವಜ್ಜೀವ ಶಿಕ್ಷೆಯಾಯಿತು.

ಮನೆಯಲ್ಲಿ ಮಕ್ಕಳಿಗೆ ವಿಜ್ಞಾನವನ್ನು ಹೇಳಿಕೊಡುವ ವಾಚಕರು ಈ ಕಥೆಯನ್ನು ಹೇಳುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ನಮ್ಮ ತರ್ಕಶಾಸ್ತ್ರದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವರು. ಆ ಬೆಂಕಿಯನ್ನು ಹೊತ್ತಿಸಿದವರು ಯಾರೆಂಬುದನ್ನು ಹೊಗೆಯು ಹೇಳಲಾರದು. ಅಂತೆಯೇ ಡಿ.ಎನ್.ಎ.ಯು ಕಲೆ ಯಾರದೆಂದು ಹೇಳೀತು. ಅದು ಎಂದು, ಹೇಗೆ ಅಲ್ಲಿಗೆ ಬಂದಿತೆಂಬುದನ್ನು ಬೇರೆ ಸಾಕ್ಷ್ಯಗಳಿಂದಲೇ ಅರಿಯಬೇಕು. ಮಾದರಿಯನ್ನು ಮುಟ್ಟಿದ ಕೈ ಶುದ್ಧವಾಗಿರಬೇಕು. ಮುದ್ರೆ, ಹೆಸರು, ದಿನಾಂಕ ತಪ್ಪಬಾರದು. ಇಷ್ಟನ್ನು ಬೋಧಿಸಿ, ಮಕ್ಕಳು ಮರೆಯಬಾರದ ಮತ್ತೊಂದನ್ನೂ ಹೇಳಬೇಕು: ಕೊಲೆಯ ವಿಚಾರಣೆಗೆ ಇಳಿದ ಈ ವಿದ್ಯೆಯ ಮೊದಲ ಫಲವು ಅಪರಾಧಿಯ ಬಂಧನವಲ್ಲ, ನಿರಪರಾಧಿಯ ವಿಮೋಚನೆ.