ಆರಿದ್ರಾ ನಕ್ಷತ್ರ, ಅಪ್ಪನ ಕುಲುಮೆ

ಆಸ್ಟ್ರಾನಮಿ ಓದಿದ್ದೀನಿ ಅಂದರೆ ಸಾಕು, ಆಫೀಸಿನಲ್ಲಿ ಇಬ್ಬರಾದರೂ ಅಂಗೈ ಚಾಚುತ್ತಾರೆ. "ನನ್ ಪ್ರಮೋಷನ್ ಯಾವಾಗ, ನೋಡೇ!" ಅದು ಆಸ್ಟ್ರಾಲಜಿ ಕಣ್ರೋ ಅಂದರೆ, "ಓ, ನಾಸಾ!" ಅನ್ನುತ್ತಾರೆ. ಜಾತಕಕ್ಕೂ ನಾಸಾಗೂ ನಡುವೆ ಇನ್ನೇನೂ ಇಲ್ಲವೇನೋ ಅನ್ನೋ ಹಾಗೆ.

ನಡುವೆ ನಮ್ಮೂರಿನ ತಾರಾಲಯ ಇದೆ. 1989ರಲ್ಲಿ ಶುರುವಾದ ಜವಾಹರಲಾಲ್ ನೆಹರು ತಾರಾಲಯಕ್ಕೆ ಸ್ಕೂಲ್ ಟ್ರಿಪ್ಪಿನಲ್ಲಿ ಹೋಗಿ, ಗುಮ್ಮಟದ ಕತ್ತಲಲ್ಲಿ ನಿದ್ದೆ ತೆಗೆದವರು ನಮ್ಮಲ್ಲಿ ಬೇಕಾದಷ್ಟು ಜನ. ಬಿ.ಎಸ್ಸಿ. ಓದುವವರಿಗೆ ಅಲ್ಲಿ ವಾರಾಂತ್ಯದಲ್ಲಿ 'ರೀಪ್' ಅನ್ನೋ ಪಾಠಗಳು ನಡೆಯುತ್ತವೆ ಅನ್ನೋದು ಮಾತ್ರ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಾಲೇಜು ರಾಜಾಜಿನಗರ, ಮನೆ ಬಸವೇಶ್ವರನಗರ, ವಾರಾಂತ್ಯ ಬಂದರೆ ತಾರಾಲಯ. ಇದು ಆಗಿನ ನನ್ನ ಭೂಗೋಳ.

ನಕ್ಷತ್ರ, ಗ್ಯಾಲಕ್ಸಿ, ವಿಶ್ವ ಅಂತ ಎಷ್ಟು ದೊಡ್ಡ ಹೆಸರು ಹೇಳಿದರೂ ಅಲ್ಲಿ ಕಲಿತ ಮೊದಲ ವಿಷಯ ಬಹಳ ಚಿಕ್ಕದು: ಯಾವ ನಕ್ಷತ್ರವನ್ನೂ ಲ್ಯಾಬಿಗೆ ತರೋಕಾಗಲ್ಲ. ನಮ್ಮ ಹತ್ತಿರ ಬರೋದು ಅದರ ಬೆಳಕು ಮಾತ್ರ. ಶೂ ಡಬ್ಬಕ್ಕೆ ಒಂದು ಸೀಳು, ಒಳಗೆ ಹಳೇ ಸಿಡಿ ತುಂಡು ಇಟ್ಟು ನಮ್ಮ ರಸ್ತೆಯ ಹಳದಿ ಸೋಡಿಯಂ ದೀಪ ನೋಡಿದರೆ ಬಣ್ಣಗಳು ಬೇರೆಬೇರೆಯಾಗಿ ಕಾಣುತ್ತವೆ. ಟ್ಯೂಬ್‌ಲೈಟಿನದು ಬೇರೆಯದೇ ಲೆಕ್ಕ. ಇದೇ ಉಪಾಯ ನಕ್ಷತ್ರಕ್ಕೂ. ಮೇಘನಾದ ಸಹಾ 1920ರಲ್ಲಿ ಕೊಟ್ಟ ಸಮೀಕರಣ ಹಿಡಿದು, ನಕ್ಷತ್ರಗಳಲ್ಲಿ ಇರೋದು ಬಹುಪಾಲು ಹೈಡ್ರೋಜನ್ ಅಂತ 1925ರಲ್ಲಿ ಸಿಸಿಲಿಯಾ ಪೇಯ್ನ್ ಹೇಳಿದರು. ದೊಡ್ಡವರು ಮೊದಲು ಒಪ್ಪಲಿಲ್ಲ. ಆಮೇಲೆ ಒಪ್ಪಲೇಬೇಕಾಯಿತು.

ನಮ್ಮನೇಲಿ ಒಪ್ಪಬೇಕಾಗಿದ್ದವರು ಅಪ್ಪ. ಕಾಮಾಕ್ಷಿಪಾಳ್ಯದಲ್ಲಿ ಅವರದು ಚಿಕ್ಕ ಹೀಟ್ ಟ್ರೀಟ್‌ಮೆಂಟ್ ಶೆಡ್. ಕುಲುಮೆಯ ಮೇಲೆ ಸಾಲ ಇತ್ತು. ನಾನು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಲಿ ಅನ್ನೋದು ಅವರ ಆಸೆ. "ಇದನ್ನ ಓದಿ ಏನ್ಮಾಡ್ತೀಯಮ್ಮಾ?" ಅಂದರು.

ಚಲನ್ ಹಿಂದುಗಡೆ ಬರೆದು ತೋರಿಸಿದೆ. ರೈಜೆಲ್, ನೀಲಿ ಬಿಳುಪು, ಸುಮಾರು 12,000 ಕೆಲ್ವಿನ್. ಸೂರ್ಯ, 5,800. ಆರಿದ್ರಾ, ಕೆಂಪು, 3,500. ಬಣ್ಣ ನೋಡಿದರೆ ಬಿಸಿ ಎಷ್ಟು ಅಂತ ಗೊತ್ತಾಗುತ್ತೆ ಅಪ್ಪ, ಅಂದೆ. ಕಬ್ಬಿಣದ ಬಣ್ಣ ನೋಡೇ ಹದ ಹೇಳೋ ಮನುಷ್ಯ ಅವರು. ಕೂಡಲೇ ಹಿಡಿದರು. "ಕೆಂಪು ಅಂದ್ರೆ ಎಂಟುನೂರು ಡಿಗ್ರಿ. ಮೂರು ಸಾವಿರಕ್ಕೆ ಎಲ್ಲಿ ಕೆಂಪಿರುತ್ತೆ?"

ಆ ರಾತ್ರಿ ಟೆರೇಸಿಗೆ ಹೋದೆವು. ಆರಿದ್ರಾ ಇದ್ದಿದ್ದು ಹಳೇ ಬಲ್ಬಿನ ತಂತಿಯ ಬಣ್ಣದಲ್ಲಿ, ಹೆಚ್ಚುಕಮ್ಮಿ ಕಿತ್ತಳೆ. ಪುಸ್ತಕಗಳು ಅದನ್ನ ಕೆಂಪು ಅಂತ ಕರೆಯುತ್ತವೆ ಅಷ್ಟೆ. ಜೂನ್ ಕೊನೆಯಲ್ಲಿ ಸೂರ್ಯ ಅದರ ದಿಕ್ಕಿನಲ್ಲಿ ಇರೋದ್ರಿಂದಲೇ ಆಗಿನ ಮಳೆಗೆ ಆರಿದ್ರಾ ಮಳೆ ಅನ್ನೋ ಹೆಸರು ಅಂತ ಹೇಳಿದೆ. ಐನೂರಕ್ಕೂ ಹೆಚ್ಚು ವರ್ಷ ದಾರಿ ಸವೆಸಿ ಬಂದ ಬೆಳಕದು, ಕೆಂಪೇಗೌಡರು 1537ರಲ್ಲಿ ಊರು ಕಟ್ಟೋಕೆ ಮುಂಚೆಯೇ ಹೊರಟಿದ್ದು. ಅಪ್ಪ ತುಂಬಾ ಹೊತ್ತು ನೋಡಿದರು. ಕೆಲಸದ ಮಾತು ಮತ್ತೆ ಎತ್ತಲಿಲ್ಲ. ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಮಾಡಿದೆ. ಫೀಸು ಕಟ್ಟಿದ್ದು ಆ ಕುಲುಮೆಯೇ.

ಈಗ ನಾನು ನೋಡೋದು ಬ್ಯಾಂಕಿನ ಡೇಟಾ. ಗದ್ದಲದೊಳಗಿಂದ ಒಂದು ಸಣ್ಣ ಸೂಚನೆ ಹೆಕ್ಕೋ ಕೆಲಸ. ಅದನ್ನ ಕಲಿಸಿದ್ದು ನಕ್ಷತ್ರಗಳೇ.

2019ರ ಕೊನೆಯಲ್ಲಿ ಆರಿದ್ರಾ ಮಂಕಾಗತೊಡಗಿತು. ಫೆಬ್ರವರಿ 2020ರ ಹೊತ್ತಿಗೆ ಬರಿಗಣ್ಣಿಗೇ ಗೊತ್ತಾಗುವಷ್ಟು. ಅದೇ ಚಳಿಗಾಲದಲ್ಲಿ ಆರ್ಡರ್‌ಗಳು ನಿಂತು ಅಪ್ಪ ಶೆಡ್ಡಿಗೆ ಬೀಗ ಹಾಕಿದ್ದರು. ಮಾತು ಕಮ್ಮಿಯಾಗಿತ್ತು. ಒಂದು ಸಂಜೆ ಟೆರೇಸಿನಲ್ಲಿ ತಾವಾಗೇ ಕೇಳಿದರು: "ಬೆಂಕಿ ಕಮ್ಮಿಯಾಯ್ತಾ, ಹೊಗೆ ಅಡ್ಡ ಬಂತಾ?"

ಆಗ ಇದೇ ಪ್ರಶ್ನೆಯನ್ನ ಜಗತ್ತಿನ ಖಗೋಳ ವಿಜ್ಞಾನಿಗಳೂ ಕೇಳ್ತಿದ್ದರು. 2021ರಲ್ಲಿ ಉತ್ತರ ಬಂತು: ಎರಡೂ. ಮೈಯ ಒಂದು ಭಾಗ ತಣ್ಣಗಾಗಿತ್ತು, ನಕ್ಷತ್ರವೇ ಉಗುಳಿದ ಅನಿಲ ಧೂಳಾಗಿ ಅಡ್ಡ ನಿಂತಿತ್ತು. ಓದಿ ಹೇಳಿದೆ. "ಎರಡೂ ಒಟ್ಟಿಗೇ ಆಗುತ್ತೆ" ಅಂದರು ಅಪ್ಪ, ಶೆಡ್ಡಿನಲ್ಲಿ ಹುಡುಗರಿಗೆ ಹೇಳೋ ದನಿಯಲ್ಲಿ.

ನಕ್ಷತ್ರ ಅಷ್ಟರಲ್ಲಿ ಮೊದಲಿನಂತೆ ಉರೀತಿತ್ತು. ಶೆಡ್ ತೆರೆಯಲಿಲ್ಲ. ಜನವರಿ, ಫೆಬ್ರವರಿಯ ಸಂಜೆಗಳಲ್ಲಿ ಅಪ್ಪ ಈಗಲೂ ಮೇಲೆ ಹೋಗಿ ಬಂದು ಹದ ಹೇಳುತ್ತಾರೆ.